ಶುಶ್ರೂಷೆಯ ಅರಿವು: ರುಫೈದಾ(ರ)ರ ಡೇರೆಯಿಂದ ರಾಮನದುರ್ಗದವರೆಗೆ

ಸಂಡೂರು ತಾಲೂಕಿನ ಚೋರನೂರಿನಲ್ಲಿರುವ ನಮ್ಮ ಬಂಧುಗಳ ಮನೆಯಲ್ಲಿ ಹಿರಿಯ ತಾಯಿಯೊಬ್ಬರು ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಬಳ್ಳಾರಿಯಲ್ಲಿ ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದ ಮೇಲೆ ಅವರನ್ನು ಕಾಣಲು ಬರುವವರ ಸಾಲು ನಿಲ್ಲಲೇ ಇಲ್ಲ. ಹಣ್ಣು ಬಂತು, ಬಿಸ್ಕತ್ತು ಬಂತು, ಪ್ರಾರ್ಥನೆಗಳೂ ಹರಿದು ಬಂದವು. ಎರಡನೆಯ ವಾರದಲ್ಲಿ ಅವರ ಎಡಗಾಲು ಊದಿಕೊಂಡಿತು. ಮಲಗಿಯೇ ಇರುವುದರಿಂದ ಹೀಗಾಗಿದೆ ಎಂದು ಎಲ್ಲರೂ ಒಪ್ಪಿದರು. ಸೊಸೆಯಂದಿರು ಸರದಿಯ ಮೇಲೆ ಎಣ್ಣೆ ಹಚ್ಚಿ ಕಾಲು ನೀವತೊಡಗಿದರು. ಪ್ರೀತಿಗೆ ಅಲ್ಲಿ ಕೊರತೆಯಿರಲಿಲ್ಲ.

ಆ ಸಂಜೆ ಸಂಬಂಧಿಕರಲ್ಲೇ ಒಬ್ಬರಾದ ದಾದಿಯೊಬ್ಬರು ಅವರನ್ನು ನೋಡಲು ಬಂದಿದ್ದರು. ಹೊದಿಕೆ ಸರಿಸಿ ಎರಡೂ ಕಾಲುಗಳನ್ನು ಪಕ್ಕಪಕ್ಕದಲ್ಲಿರಿಸಿ ನೋಡಿದ ಅವರು ಮೊದಲು ಮಾಡಿದ್ದು ನೀವುತ್ತಿದ್ದ ಕೈಯನ್ನು ತಡೆದದ್ದು. ಬಳಿಕ ದರ್ಜಿಯ ಟೇಪು ತರಿಸಿ ಎರಡೂ ಮೀನಖಂಡಗಳ ಸುತ್ತಳತೆ ತೆಗೆದರು. ಮೂರು ಸೆಂಟಿಮೀಟರಿಗಿಂತಲೂ ಹೆಚ್ಚು ವ್ಯತ್ಯಾಸವಿತ್ತು. ಮಲಗಿದ್ದರಿಂದ ಬಂದ ಊತವಾಗಿದ್ದರೆ ಸಾಮಾನ್ಯವಾಗಿ ಎರಡೂ ಕಾಲುಗಳಲ್ಲಿ ಇರಬೇಕಿತ್ತು; ಒಂದೇ ಕಾಲು ಊದಿ ಬಿಸಿಯಾಗಿದ್ದರೆ ಒಳಗಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು; ನೀವಿದರೆ ಆ ಹೆಪ್ಪು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ ಎಂದು ಅವರು ವಿವರಿಸಿದರು. ಅದೇ ರಾತ್ರಿ ಬಳ್ಳಾರಿಗೆ ಕರೆದೊಯ್ಯಲಾಯಿತು. ಪರೀಕ್ಷೆಯಲ್ಲಿ ಅವರ ಅನುಮಾನವೇ ನಿಜವಾಯಿತು.

ಇಷ್ಟೆಲ್ಲ ನಡೆದ ಮನೆಯಲ್ಲೇ, ಮೊಮ್ಮಗಳಿಗೆ ನರ್ಸಿಂಗ್ ಕಾಲೇಜಿನಲ್ಲಿ ಸೀಟು ದೊರೆತಾಗ ಕುಟುಂಬದ ಹಿರಿಯರೊಬ್ಬರು, ಹಾಸಿಗೆ ಬದಲಿಸುವ, ಮಲಮೂತ್ರ ಎತ್ತುವ ಕೆಲಸಕ್ಕೆ ನಾಲ್ಕು ವರ್ಷದ ಓದು ಏಕೆ, ಅದು ನಮ್ಮ ಮನೆತನದ ಹೆಣ್ಣುಮಗಳಿಗೆ ಒಪ್ಪುವ ಕೆಲಸವೇ ಎಂದು ಕೇಳಿದರು. ಅವರು ಕೆಟ್ಟವರಲ್ಲ. ಈ ಪ್ರಶ್ನೆ ನಮ್ಮ ಬಹುತೇಕ ಮನೆಗಳಲ್ಲಿ, ಬಾಯಿಬಿಟ್ಟು ಹೇಳದಿದ್ದರೂ, ಇದ್ದೇ ಇದೆ. ಅವರೊಡನೆ ಅಂದು ವಾದಕ್ಕಿಳಿಯಲಿಲ್ಲ. ನಮ್ಮ ಇತಿಹಾಸವು ಈ ಬಗ್ಗೆ ಏನನ್ನು ಕಾಪಿಟ್ಟಿದೆ ಎಂಬುದನ್ನು ಅವರಿಗಾಗಿ ಬರೆಯತೊಡಗಿದೆ.

ಮೊದಲು ಎರಡು ಪದಗಳನ್ನು ಬೇರ್ಪಡಿಸಬೇಕು. ರೋಗಿಯನ್ನು ಸಂದರ್ಶಿಸುವುದು ಇಯಾದತ್. ರೋಗಿಯ ಬಳಿಯಲ್ಲೇ ಉಳಿದು ಆರೈಕೆ ಮಾಡುವುದು ತೀಮಾರ್‌ದಾರಿ. ಮೊದಲನೆಯದರಲ್ಲಿ ನಮ್ಮ ಸಮುದಾಯ ಎಂದೂ ಹಿಂದೆ ಬಿದ್ದಿಲ್ಲ. ಅದರ ಪುಣ್ಯದ ಕುರಿತು ಪ್ರವಚನಗಳಲ್ಲಿ ಆಗಾಗ ಕೇಳುತ್ತೇವೆ. ಎರಡನೆಯದನ್ನು ಮಾತ್ರ ಮನೆಯ ಸೊಸೆಗೋ ಹಿರಿಮಗಳಿಗೋ ಒಪ್ಪಿಸಿ ಸುಮ್ಮನಾಗುತ್ತೇವೆ, ಅದಕ್ಕೆ ಕಲಿಕೆ ಬೇಕೆಂದು ನಮಗೆ ತೋರುವುದಿಲ್ಲ. ಕನ್ನಡದ ‘ಶುಶ್ರೂಷೆ’ ಎಂಬ ಪದದ ಮೂಲಾರ್ಥ ‘ಕೇಳಬೇಕೆಂಬ ಇಚ್ಛೆ’ ಎಂದು. ಸಂಸ್ಕೃತದಿಂದ ಬಂದ ಈ ಮಾತು ಸೇವೆಯ ಅರ್ಥಕ್ಕೆ ತಿರುಗಿದ್ದು ಆಮೇಲೆ. ಚರಕ ಸಂಹಿತೆಯೂ ಚಿಕಿತ್ಸೆಯ ನಾಲ್ಕು ಪಾದಗಳಲ್ಲಿ ಪರಿಚಾರಕನನ್ನು ಒಂದಾಗಿ ಎಣಿಸಿ, ಅವನಲ್ಲಿರಬೇಕಾದ ಗುಣಗಳಲ್ಲಿ ಪ್ರೀತಿ, ದಕ್ಷತೆ, ಶುಚಿತ್ವಗಳ ಜೊತೆಗೆ ಉಪಚಾರದ ಜ್ಞಾನವನ್ನೂ ಹೇಳುತ್ತದೆ. ಜ್ಞಾನವಿಲ್ಲದ ಪ್ರೀತಿ ಊದಿದ ಕಾಲನ್ನು ನೀವುತ್ತದೆ.

ಹಿಜರಿ 3ನೆಯ ವರ್ಷ, ಅಂದರೆ ಕ್ರಿ.ಶ. 625. ಉಹುದ್ ಯುದ್ಧದಲ್ಲಿ ಪ್ರವಾದಿ ಮುಹಮ್ಮದ್(ಸ)ರ ಮುಖಕ್ಕೆ ಗಾಯವಾಯಿತು, ಹಲ್ಲು ಮುರಿಯಿತು, ತಲೆಯ ಮೇಲಿನ ಶಿರಸ್ತ್ರಾಣ ಒಡೆಯಿತು. ಈ ಗಾಯಕ್ಕೆ ಯಾವ ಚಿಕಿತ್ಸೆ ಮಾಡಲಾಯಿತೆಂದು ವರ್ಷಗಳ ಬಳಿಕ ಜನರು ಕೇಳಿದಾಗ ಸಹ್ಲ್ ಬಿನ್ ಸಅದ್(ರ)ರು ಕೊಟ್ಟ ವಿವರಣೆಯು ಸಹೀಹ್ ಬುಖಾರಿಯಲ್ಲಿದೆ. ಹಝ್ರತ್ ಅಲೀ(ರ)ರು ಗುರಾಣಿಯಲ್ಲಿ ನೀರು ತಂದು ಸುರಿಯುತ್ತಿದ್ದರು. ಪ್ರವಾದಿವರ್ಯ(ಸ)ರ ಮಗಳು ಫಾತಿಮಾ(ರ)ರು ರಕ್ತವನ್ನು ತೊಳೆಯುತ್ತಿದ್ದರು. ನೀರು ಹಾಕಿದಷ್ಟೂ ರಕ್ತಸ್ರಾವ ಹೆಚ್ಚುತ್ತಿರುವುದನ್ನು ಅವರು ಗಮನಿಸಿದರು. ಕೂಡಲೇ ಚಾಪೆಯ ತುಂಡೊಂದನ್ನು ಸುಟ್ಟು ಅದರ ಬೂದಿಯನ್ನು ಗಾಯಕ್ಕೆ ಒತ್ತಿದರು. ರಕ್ತ ನಿಂತಿತು.

ಈ ಘಟನೆಯನ್ನು ನಾವು ಸಾಮಾನ್ಯವಾಗಿ ತಂದೆ-ಮಗಳ ಮಮತೆಯ ಕಥೆಯಾಗಿ ಹೇಳುತ್ತೇವೆ. ಅದು ಸರಿಯೇ. ಆದರೆ ಇನ್ನೊಮ್ಮೆ ನಿಧಾನವಾಗಿ ನೋಡೋಣ. ಗಾಯವನ್ನು ತೊಳೆಯುವುದು ಸರಿಯಾದ ಮೊದಲ ಹೆಜ್ಜೆ. ಕೊಳೆ ಹೋಗದೆ ಗಾಯ ಎಷ್ಟು ಆಳವೆಂಬುದು ತಿಳಿಯದು. ಆದರೆ ತಾವು ಮಾಡುತ್ತಿರುವ ಉಪಚಾರದ ಫಲವೇನು ಎಂಬುದರ ಮೇಲೂ ಅವರ ಕಣ್ಣಿತ್ತು. ಫಲ ವಿರುದ್ಧವಾಗಿದೆಯೆಂದು ಕಂಡೊಡನೆ, ಅದುವರೆಗೆ ಮಾಡಿದ್ದನ್ನೇ ಮುಂದುವರಿಸದೆ, ದಾರಿ ಬದಲಿಸಿದರು. ಬದಲಿಸಿದ ಮೇಲೂ ರಕ್ತ ನಿಂತಿತೇ ಎಂದು ನೋಡಿದರು. ಇಂದಿನ ಶುಶ್ರೂಷಾ ವಿದ್ಯಾರ್ಥಿಗಳಿಗೆ ಮೊದಲ ವರ್ಷದಿಂದಲೇ ಕಲಿಸುವುದು ಇದೇ ಕ್ರಮ: ರೋಗಿಯ ಸ್ಥಿತಿಯನ್ನು ಅಳೆ, ಯಾವುದು ಮೊದಲು ಆಗಬೇಕೆಂದು ನಿರ್ಧರಿಸು, ಮಾಡು, ಮಾಡಿದ್ದರ ಪರಿಣಾಮವನ್ನು ಮತ್ತೆ ಅಳೆ. (ಇಲ್ಲಿ ಒಂದು ಮಾತು ಹೇಳಲೇಬೇಕು. ಅಂದಿನ ರಣರಂಗದಲ್ಲಿ ಕೈಗೆ ಸಿಕ್ಕಿದ್ದು ಹೊಸದಾಗಿ ಸುಟ್ಟ ಚಾಪೆಯ ಬೂದಿ. ಇಂದು ಒಲೆಯ ಬೂದಿಯನ್ನಾಗಲಿ ಅರಿಶಿನ, ಕಾಫಿಪುಡಿಯನ್ನಾಗಲಿ ಗಾಯಕ್ಕೆ ತುಂಬಬಾರದು. ಸ್ವಚ್ಛ ಬಟ್ಟೆಯನ್ನು ಬಿಗಿಯಾಗಿ ಒತ್ತಿ ಹಿಡಿದು ಆಸ್ಪತ್ರೆಗೆ ಕರೆದೊಯ್ಯಬೇಕು. ನಾವು ಫಾತಿಮಾ(ರ)ರಿಂದ ಕಲಿಯಬೇಕಾದ್ದು ಅವರ ಗಮನವನ್ನು.)

ಎರಡು ವರ್ಷಗಳ ನಂತರ, ಹಿಜರಿ 5ರಲ್ಲಿ, ಖಂದಕ್ ಯುದ್ಧ ನಡೆಯಿತು. ಅನ್ಸಾರ್‌ಗಳ ಔಸ್ ಗೋತ್ರದ ನಾಯಕ ಸಅದ್ ಬಿನ್ ಮುಆದ್(ರ)ರ ತೋಳಿನ ಮುಖ್ಯ ರಕ್ತನಾಳಕ್ಕೆ ಬಾಣ ತಗಲಿತು. ಅರಬರು ಆ ನಾಳವನ್ನು ಅಕ್‌ಹಲ್ ಎನ್ನುತ್ತಿದ್ದರು. ರಕ್ತ ನಿಲ್ಲಿಸಲು ಗಾಯವನ್ನು ಕಾಯಿಸಿದ ಲೋಹದಿಂದ ಸುಡಲಾಯಿತು, ಕೈ ಊದಿಕೊಂಡಿತು, ಎರಡನೆಯ ಬಾರಿ ಸುಡಬೇಕಾಯಿತು ಎಂದು ಹದೀಸ್‌ಗಳಲ್ಲಿದೆ. ಇಂತಹ ರೋಗಿಯನ್ನು ಎಲ್ಲಿರಿಸಬೇಕು? ಪ್ರವಾದಿವರ್ಯ(ಸ)ರು ಅವರನ್ನು ಮನೆಗೆ ಕಳುಹಿಸಲಿಲ್ಲ. ತಾವು ಹತ್ತಿರದಿಂದಲೇ ನೋಡಿಕೊಳ್ಳುವಂತಾಗಲೆಂದು ಮಸೀದಿಯ ಆವರಣದಲ್ಲಿ ಡೇರೆಯೊಂದರಲ್ಲಿ ಇರಿಸಿದರು. ಇಬ್ನು ಹಿಶಾಮ್‌ರ ಸೀರತ್ ಗ್ರಂಥವು ಆ ಡೇರೆಯ ಒಡತಿಯ ಹೆಸರನ್ನು ದಾಖಲಿಸಿದೆ: ಅಸ್ಲಮ್ ಗೋತ್ರದ ರುಫೈದಾ(ರ). ಅವರು ಗಾಯಾಳುಗಳಿಗೆ ಚಿಕಿತ್ಸೆ ನೀಡುತ್ತಿದ್ದರು. ನೋಡಿಕೊಳ್ಳುವವರಿಲ್ಲದ ಮುಸ್ಲಿಮರ ಸೇವೆಗೆ ತಮ್ಮನ್ನು ಮುಡಿಪಾಗಿಟ್ಟಿದ್ದರು.

ಇಮಾಮ್ ಬುಖಾರಿಯವರ ಅಲ್ ಅದಬುಲ್ ಮುಫ್ರದ್ ಗ್ರಂಥದಲ್ಲಿ ಇನ್ನೊಂದು ಸಣ್ಣ ವಿವರವಿದೆ. ಪ್ರವಾದಿವರ್ಯ(ಸ)ರು ಆ ಡೇರೆಯನ್ನು ಹಾದುಹೋಗುವಾಗ ಸಂಜೆ ಹೇಗಿದ್ದೀರಿ ಎಂದೂ ಬೆಳಗ್ಗೆ ಹೇಗಿದ್ದೀರಿ ಎಂದೂ ಸಅದ್(ರ)ರನ್ನು ವಿಚಾರಿಸುತ್ತಿದ್ದರು. ಅವರು ತಮ್ಮ ಸ್ಥಿತಿಯನ್ನು ತಿಳಿಸುತ್ತಿದ್ದರು. ದಿನಕ್ಕೆರಡು ಬಾರಿ, ಅದೇ ರೋಗಿಗೆ, ಅದೇ ಪ್ರಶ್ನೆ. ಆಸ್ಪತ್ರೆಯ ವಾರ್ಡಿನಲ್ಲಿ ಪಾಳಿ ಬದಲಾಗುವಾಗ ನಡೆಯುವುದೂ ಇದೇ. ನಿನ್ನೆಗೂ ಇಂದಿಗೂ ಇರುವ ವ್ಯತ್ಯಾಸವು ಒಂದೇ ಬಾರಿ ಬಂದು ಹೋಗುವವನಿಗೆ ಕಾಣುವುದಿಲ್ಲ.

ಸಅದ್(ರ)ರು ಉಳಿಯಲಿಲ್ಲ. ಅವರ ಗಾಯವು ಒಣಗಿ ಗುಣವಾಗುವಂತೆ ತೋರುತ್ತಿತ್ತು. ಆಮೇಲೆ ಒಂದು ರಾತ್ರಿ ಅದು ಮತ್ತೆ ಒಡೆಯಿತು. ಮಸೀದಿಯಲ್ಲೇ ಬನೂ ಗಿಫಾರ್ ಗೋತ್ರದವರ ಡೇರೆಯೂ ಇತ್ತು; ತಮ್ಮ ಕಡೆಗೆ ರಕ್ತ ಹರಿದು ಬಂದಾಗಲೇ ಅವರಿಗೆ ಏನೋ ಆಗಿದೆಯೆಂದು ತಿಳಿದದ್ದು. ಹದೀಸ್ ಗ್ರಂಥಗಳಲ್ಲಿ ಈ ಪ್ರಸಂಗವನ್ನು ಓದುವಾಗಲೆಲ್ಲ ನಾನು ಅಲ್ಲಿ ನಿಲ್ಲುತ್ತೇನೆ. ಮೇಲೆ ಒಣಗಿದ ಗಾಯದ ಒಳಗೆ ರಕ್ತನಾಳವು ವಾಸಿಯಾಗಿದೆಯೆಂದು ಹೇಳಲಾಗದು. ಗಾಯವಾಗಿ ಹಲವು ದಿನ ಕಳೆದ ಮೇಲೂ ರಕ್ತಸ್ರಾವ ಮರುಕಳಿಸಬಹುದು, ಅದೂ ಸದ್ದಿಲ್ಲದೆ. ಶಸ್ತ್ರಚಿಕಿತ್ಸೆಯಾದ ರೋಗಿಯ ಪಟ್ಟಿಯನ್ನು ದಾದಿಯು ಇರುಳಲ್ಲೂ ಎತ್ತಿ ನೋಡುವುದು, ಮೈಯ ಅಡಿಗೆ ಕೈ ಹಾಕಿ ಒದ್ದೆಯಿದೆಯೇ ಎಂದು ಪರಿಶೀಲಿಸುವುದು ಈ ಕಾರಣಕ್ಕೆ. ರಕ್ತವು ಗುರುತ್ವಕ್ಕೆ ಒಳಪಟ್ಟು ಕೆಳಗೆ ಹರಿಯುತ್ತದೆ. ಮೇಲಿನ ಬಟ್ಟೆ ಒಣಗಿದ್ದೂ ಬೆನ್ನಿನಡಿ ತೊಯ್ದಿರಬಹುದು. ಅಂದಿನ ಮದೀನಾದಲ್ಲಿ ರಕ್ತ ಏರಿಸುವ, ನಾಳವನ್ನು ಕಟ್ಟುವ ಸೌಕರ್ಯವಿರಲಿಲ್ಲ. ಸಅದ್(ರ)ರ ಅವಧಿ ಅಲ್ಲಾಹನ ಬಳಿ ನಿಶ್ಚಿತವಾಗಿತ್ತು. ರುಫೈದಾ(ರ)ರ ಡೇರೆಗೆ ಇದರಿಂದ ಯಾವ ಕುಂದೂ ಇಲ್ಲ. ಜೀವ ಉಳಿಸಲಾಗದ ರೋಗಿಯ ಬಳಿ ಕುಳಿತಿರುವುದೂ ಆ ಕೆಲಸದ ಒಂದು ಭಾಗ.

ಅವರು ಒಬ್ಬರೇ ಇರಲಿಲ್ಲ. ಉಮ್ಮು ಅತಿಯ್ಯಾ(ರ)ರು ಏಳು ಯುದ್ಧಯಾತ್ರೆಗಳಲ್ಲಿ ಪಾಲ್ಗೊಂಡು ಅಡುಗೆ ಮಾಡಿದರು, ಗಾಯಾಳುಗಳಿಗೆ ಚಿಕಿತ್ಸೆ ನೀಡಿದರು, ರೋಗಿಗಳನ್ನು ನೋಡಿಕೊಂಡರು. ರುಬಯ್ಯಿಅ್ ಬಿಂತ್ ಮುಅವ್ವಿದ್(ರ)ರೂ ಅವರ ಸಂಗಡಿಗರೂ ನೀರು ಕುಡಿಸಿ, ಗಾಯ ಕಟ್ಟಿ, ಗಾಯಾಳುಗಳನ್ನು ಮದೀನಾಕ್ಕೆ ಸಾಗಿಸಿದರು.

ಇದು ಹೆಂಗಸರ ಕೆಲಸ ಎನ್ನುವವರು ಹಝ್ರತ್ ಉಸ್ಮಾನ್(ರ)ರನ್ನು ನೆನೆಯಬೇಕು. ಬದ್ರ್ ಯುದ್ಧದ ಸಮಯದಲ್ಲಿ ಅವರ ಪತ್ನಿ, ಪ್ರವಾದಿವರ್ಯ(ಸ)ರ ಮಗಳು ರುಕಯ್ಯಾ(ರ)ರು ಕಾಯಿಲೆ ಬಿದ್ದಿದ್ದರು. ಇಸ್ಲಾಮಿನ ಆ ಮೊದಲ ದೊಡ್ಡ ಯುದ್ಧಕ್ಕೆ ಒಂದೊಂದು ಕೈಯೂ ಬೇಕಾಗಿತ್ತು. ಹೊರಟವರು ಮುನ್ನೂರಕ್ಕಿಂತ ಸ್ವಲ್ಪವೇ ಹೆಚ್ಚು. ಆದರೂ ಪ್ರವಾದಿವರ್ಯ(ಸ)ರು ಉಸ್ಮಾನ್(ರ)ರನ್ನು ಮನೆಯಲ್ಲೇ ಉಳಿದು ಪತ್ನಿಯನ್ನು ನೋಡಿಕೊಳ್ಳಲು ಹೇಳಿದರು. ಬದ್ರ್‌ನಲ್ಲಿ ಭಾಗವಹಿಸಿದವನ ಪುಣ್ಯವೂ ಗನೀಮತ್ತಿನ ಪಾಲೂ ಅವರಿಗೆ ಉಂಟೆಂದು ಘೋಷಿಸಿದರು. ನಮ್ಮ ಗಂಡಸರಲ್ಲಿ ಎಷ್ಟು ಮಂದಿಗೆ ಪತ್ನಿಯ ಜ್ವರ ಎಷ್ಟು ಡಿಗ್ರಿಯಿದೆಯೆಂಬುದು ತಿಳಿದಿರುತ್ತದೆ!

ಡೇರೆಯಿಂದ ಆಸ್ಪತ್ರೆಯತ್ತ ನಡೆದ ದಾರಿ ಉದ್ದವಾದದ್ದು. ಅದರಲ್ಲಿ ಎರಡೇ ನಿಲ್ದಾಣಗಳನ್ನು ಹೇಳುತ್ತೇನೆ. ಅಬೂಬಕರ್ ಅರ್ರಾಝೀ (ಮರಣ ಸುಮಾರು ಕ್ರಿ.ಶ. 925) ರಯ್ ಮತ್ತು ಬಗ್ದಾದಿನ ಆಸ್ಪತ್ರೆಗಳ ಮುಖ್ಯಸ್ಥರಾಗಿದ್ದವರು. ಸಿಡುಬು ಮತ್ತು ದಡಾರದ ಕುರಿತ ಅವರ ಗ್ರಂಥವು ಎರಡನ್ನೂ ಆರಂಭದಲ್ಲೇ ಗುರುತಿಸುವ ಲಕ್ಷಣಗಳನ್ನು ಹೇಳುತ್ತದೆ: ಸಿಡುಬಿನಲ್ಲಿ ಬೆನ್ನುನೋವು ಹೆಚ್ಚು, ದಡಾರದಲ್ಲಿ ತಳಮಳ ಹೆಚ್ಚು. ಗುಳ್ಳೆಗಳು ಏಳುವಾಗ ಕಣ್ಣು, ಗಂಟಲುಗಳನ್ನು ಹೇಗೆ ಕಾಪಾಡಬೇಕೆಂಬುದಕ್ಕೂ ಅದರಲ್ಲಿ ಪ್ರತ್ಯೇಕ ಅಧ್ಯಾಯವಿದೆ. ಸಿಡುಬಿನಿಂದ ಬದುಕುಳಿದವರು ಕುರುಡರಾಗುತ್ತಿದ್ದ ಕಾಲವದು. ಕಣ್ಣಿನ ಆ ಆರೈಕೆಯನ್ನು ಗಂಟೆಗಂಟೆಗೂ ಮಾಡಬೇಕಾದವರು ರೋಗಿಯ ಬದಿಯಲ್ಲಿದ್ದವರೇ.

ಇನ್ನೊಂದು, ಸುಲ್ತಾನ ಕಲಾವೂನ್ 1284ರಲ್ಲಿ ಕೈರೋದಲ್ಲಿ ಕಟ್ಟಿಸಿದ ಮನ್ಸೂರಿ ಬೀಮಾರಿಸ್ತಾನ. ಜ್ವರಕ್ಕೆ, ಕಣ್ಣುರೋಗಕ್ಕೆ, ಶಸ್ತ್ರಚಿಕಿತ್ಸೆಗೆ, ಭೇದಿಗೆ ಬೇರೆ ಬೇರೆ ವಿಭಾಗಗಳು. ಗಂಡಸರಿಗೆ ಗಂಡು ಪರಿಚಾರಕರು, ಹೆಂಗಸರಿಗೆ ಹೆಣ್ಣು ಪರಿಚಾರಕರು. ಅದರ ವಕ್ಫ್ ಪತ್ರವು ಪ್ರತಿ ರೋಗಿಯ ಆಹಾರವೂ ಅವನದೇ ಪಾತ್ರೆಯಲ್ಲಿ, ಮುಚ್ಚಿದಂತೆಯೇ, ಅವನ ಬಳಿಗೆ ತಲುಪಬೇಕೆಂದು ವಿಧಿಸುತ್ತದೆ. ಒಬ್ಬನ ಪಾತ್ರೆಯಲ್ಲಿ ಇನ್ನೊಬ್ಬ ಉಣ್ಣಬಾರದು. ಬೇಸಗೆಯಲ್ಲಿ ಬೀಸಣಿಗೆಗಳಿಗೂ ಅಲ್ಲಿ ಹಣ ಮೀಸಲು. ರೋಗಾಣುವಿನ ಹೆಸರು ಕೇಳದ ಕಾಲದಲ್ಲಿ ಬರೆದ ಶರತ್ತುಗಳಿವು. ಆ ಪಾತ್ರೆಗಳನ್ನು ಮುಚ್ಚಿದ ಕೈಗಳ ಹೆಸರನ್ನು ಯಾರೂ ಬರೆದಿಡಲಿಲ್ಲ. ವೈದ್ಯರ ಜೀವನಚರಿತ್ರೆಗಳ ಸಂಪುಟಗಳೇ ಇವೆ. ಪರಿಚಾರಕರಿಗೆ ಒಂದು ಪುಟವೂ ಇಲ್ಲ. ನನಗಿದು ಸರಿಯೆನಿಸುವುದಿಲ್ಲ.

ಈ ಪರಂಪರೆ ಕನ್ನಡನಾಡಿಗೂ ಬಂದಿತು. ಬಹಮನಿ ಸುಲ್ತಾನ ಎರಡನೆಯ ಅಲಾವುದ್ದೀನ್ ಅಹ್ಮದ್ ಶಾ (ಆಳ್ವಿಕೆ 1436–1458) ಬೀದರಿನಲ್ಲಿ ದಾರುಶ್ಶಿಫಾ ಕಟ್ಟಿಸಿ, ಔಷಧ ಮತ್ತು ಆಹಾರದ ಖರ್ಚಿಗಾಗಿ ಗ್ರಾಮಗಳ ಆದಾಯವನ್ನು ಬಿಟ್ಟುಕೊಟ್ಟು, ಹಿಂದೂ ಮತ್ತು ಮುಸ್ಲಿಮ್ ವೈದ್ಯರಿಬ್ಬರನ್ನೂ ನೇಮಿಸಿದನೆಂದು ಚರಿತ್ರಕಾರ ಫಿರಿಶ್ತಾ ಬರೆದಿದ್ದಾನೆ. ರೋಗಿಯ ಊಟವನ್ನು ಔಷಧದ ಲೆಕ್ಕಕ್ಕೇ ಸೇರಿಸಿದ್ದು ಇಲ್ಲಿ ಗಮನಾರ್ಹ.

ಇನ್ನು ನಮ್ಮದೇ ಸಂಡೂರಿನ ಬೆಟ್ಟಕ್ಕೆ ಬರೋಣ. ಚೋರನೂರು ಹೋಬಳಿಯಿರುವ ಇದೇ ತಾಲೂಕಿನ ಗಿರಿಸಾಲಿನಲ್ಲಿ, ಸಮುದ್ರಮಟ್ಟದಿಂದ ಮೂರು ಸಾವಿರ ಅಡಿಗೂ ಮೇಲೆ, ರಾಮನದುರ್ಗವಿದೆ. ಅಂದು ಅದು ಘೋರ್ಪಡೆ ಅರಸರ ಸೀಮೆ. 19ನೆಯ ಶತಮಾನದಲ್ಲಿ ಬಳ್ಳಾರಿ ದಂಡಿನ ಬ್ರಿಟಿಷ್ ಸೈನಿಕರು ಕಾಯಿಲೆಯಿಂದ ಚೇತರಿಸಿಕೊಳ್ಳಲೆಂದು ಅಲ್ಲಿ ಆರೋಗ್ಯಧಾಮವನ್ನು ಸ್ಥಾಪಿಸಲಾಯಿತು. ಬಳ್ಳಾರಿಯ ಬಿಸಿಲಿನಲ್ಲಿ ಗುಣವಾಗದವನು ತಂಪಾದ ಶುದ್ಧ ಗಾಳಿಯಲ್ಲಿ ಗುಣವಾಗಬಹುದೆಂಬ ಲೆಕ್ಕಾಚಾರ ಅದು.

ಅದೇ ಕಾಲದಲ್ಲಿ ಭಾರತದ ದಂಡುಗಳ ಆರೋಗ್ಯವನ್ನು ಲಂಡನ್ನಿನ ಕೋಣೆಯೊಂದರಲ್ಲಿ ಕುಳಿತು ಅಳೆಯುತ್ತಿದ್ದವರು ಫ್ಲಾರೆನ್ಸ್ ನೈಟಿಂಗೇಲ್. 1854ರ ನವೆಂಬರಿನಲ್ಲಿ 38 ದಾದಿಯರೊಂದಿಗೆ ಅವರು ಹೋದದ್ದು ಉಸ್ಮಾನೀ ಖಿಲಾಫತ್ತಿನ ರಾಜಧಾನಿ ಇಸ್ತಾಂಬುಲಿನ ಉಸ್ಕುದಾರ್‌ಗೆ. ಸುಲ್ತಾನನು ಬಿಟ್ಟುಕೊಟ್ಟ ಸಲೀಮಿಯ್ಯಾ ಸೈನಿಕ ವಸತಿಯೇ ಅವರ ಆಸ್ಪತ್ರೆ. ಅಲ್ಲಿ ಗುಂಡೇಟಿಗಿಂತ ಭೇದಿ, ಜ್ವರಗಳಿಂದ ಸತ್ತವರೇ ಹೆಚ್ಚೆಂಬುದನ್ನು ಅವರು ಅಂಕಿಗಳಲ್ಲಿ ತೋರಿಸಿದರು. ಆಮೇಲೆ ಭಾರತದ ದಂಡುಗಳಿಗೆ ಪ್ರಶ್ನಾವಳಿಗಳು ಹೋದವು. ನೀರು ಎಲ್ಲಿಂದ, ಚರಂಡಿ ಎಲ್ಲಿಗೆ, ಒಂದು ಕೋಣೆಯಲ್ಲಿ ಎಷ್ಟು ಮಂದಿ ಎಂಬ ಪ್ರಶ್ನೆಗಳವು. 1863ರಲ್ಲಿ ಹೊರಬಂದ ರಾಯಲ್ ಕಮಿಷನ್ ವರದಿಯ ಪ್ರಕಾರ ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರು. ನೈಟಿಂಗೇಲ್ ಭಾರತಕ್ಕೆ ಒಮ್ಮೆಯೂ ಬರಲಿಲ್ಲ. ಆದರೆ ದಾದಿಯ ಮೊದಲ ವಿದ್ಯೆ ನೋಡುವುದು ಮತ್ತು ನೋಡಿದ್ದನ್ನು ತಪ್ಪಿಲ್ಲದೆ ಹೇಳುವುದು ಎಂಬ ಅವರ ಪಾಠ ಬಂತು. ಆ ಸೈನಿಕರು ದಂಡೆತ್ತಿ ಬಂದವರ ಕಡೆಯವರೆಂಬುದನ್ನು ನಾನು ಮರೆತಿಲ್ಲ. ಬೆಟ್ಟದ ಕೆಳಗಿನ ಹಳ್ಳಿಗಳ ಸಾವನ್ನು ಅಂದು ಅಷ್ಟು ಕಾಳಜಿಯಿಂದ ಎಣಿಸಿದವರಿಲ್ಲ. ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯಿದೆ ಬಂದದ್ದು 1947ರಲ್ಲಿ. ಬಳ್ಳಾರಿಯಲ್ಲಿ ವೈದ್ಯಕೀಯ ಕಾಲೇಜು ಆರಂಭವಾದದ್ದು 1961ರಲ್ಲಿ.

ಹಾಗಾದರೆ ನಾಲ್ಕು ವರ್ಷ ಏನನ್ನು ಕಲಿಯುತ್ತಾರೆ? ಒಂದು ಉದಾಹರಣೆ. ಹೃದಯದ ಕಾಯಿಲೆಗೆ ಕೊಡುವ ಡೈಗಾಕ್ಸಿನ್ ಎಂಬ ಮಾತ್ರೆಯಿದೆ. ಬೆಳಗ್ಗೆ ಕೊಡಬೇಕೆಂದು ವೈದ್ಯರು ಬರೆದಿರುತ್ತಾರೆ. ದಾದಿಯು ಕೊಡುವ ಮೊದಲು ಒಂದು ನಿಮಿಷ ಪೂರ್ತಿ ನಾಡಿ ಎಣಿಸುತ್ತಾಳೆ. ವಯಸ್ಕನ ನಾಡಿ 60ಕ್ಕಿಂತ ಕಡಿಮೆಯಿದ್ದರೆ ಮಾತ್ರೆಯನ್ನು ತಡೆಹಿಡಿದು ವೈದ್ಯರಿಗೆ ತಿಳಿಸುತ್ತಾಳೆ. ಚೀಟಿಯಲ್ಲಿರುವುದನ್ನು ಹಾಗೆಯೇ ಪಾಲಿಸುವುದಷ್ಟೇ ಅವಳ ಕೆಲಸವಾಗಿದ್ದರೆ ಆ ರೋಗಿ ಸಾಯಬಹುದಿತ್ತು. ಉಸಿರಿನ ಎಣಿಕೆಯೂ ಹಾಗೆಯೇ: ವಿಶ್ರಾಂತಿಯಲ್ಲಿರುವ ವಯಸ್ಕನು ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡುತ್ತಾನೆ, ಸ್ಥಿತಿ ಕೆಡುವಾಗ ಬಹಳಷ್ಟು ಸಲ ಮೊದಲು ಏರುವುದು ಈ ಸಂಖ್ಯೆಯೇ, ರಕ್ತದೊತ್ತಡ ಇಳಿಯುವುದು ಆಮೇಲೆ. ಎಣಿಸುತ್ತಿದ್ದೇನೆಂದು ಹೇಳಿದರೆ ರೋಗಿಯ ಉಸಿರಿನ ಲಯ ಬದಲಾಗುತ್ತದೆ. ಆದ್ದರಿಂದ ನಾಡಿ ಹಿಡಿದಂತೆಯೇ ಎದೆಯ ಏರಿಳಿತವನ್ನು ನೋಡುತ್ತಾರೆ. ಮಲಗಿದಲ್ಲೇ ಇರುವವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲಿಗೆ ಹೊರಳಿಸುವುದು, ಹಿಮ್ಮಡಿ ಮತ್ತು ಸೊಂಟದ ಹಿಂಭಾಗವನ್ನು ಮುಟ್ಟಿ ನೋಡುವುದೂ ಇದರಲ್ಲಿ ಸೇರಿದೆ. ನಮ್ಮಂತಹ ಕಪ್ಪು, ಗೋಧಿ ಬಣ್ಣದ ಚರ್ಮದಲ್ಲಿ ಕೆಂಪು ಬೇಗ ಕಾಣದು. ಬಿಸಿ ಅಥವಾ ಗಡಸುತನವನ್ನು ಕೈಯೇ ಗುರುತಿಸಬೇಕು. ಹಾಸಿಗೆ ಬದಲಿಸುವ ಕೆಲಸವೆಂದು ಹಿರಿಯರು ಹೇಳಿದ್ದು ಇದನ್ನೇ. ಹಾಸಿಗೆ ಬದಲಿಸುವಾಗಲೇ ಬೆನ್ನು ಕಾಣುತ್ತದೆ. ಮೂತ್ರದ ಪಾತ್ರೆಯನ್ನು ಎತ್ತುವವಳಿಗೇ ಅದರ ಬಣ್ಣವೂ ಪ್ರಮಾಣವೂ ತಿಳಿಯುವುದು. ಮೂತ್ರಪಿಂಡ ಸೋಲುತ್ತಿದೆಯೆಂಬ ಸುದ್ದಿಯನ್ನು ವೈದ್ಯರಿಗೆ ಮೊದಲು ತಲುಪಿಸುವವಳು ಅವಳೇ.

ಚೋರನೂರಿನ ಆ ತಾಯಿ ಹನ್ನೊಂದು ದಿನಗಳ ನಂತರ ಮನೆಗೆ ಮರಳಿದರು. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನಡೆಯುತ್ತಿದೆ. ಮೊಮ್ಮಗಳು ಫಜ್ರ್ ನಮಾಝಿನ ಬಳಿಕ ಅಜ್ಜಿಯ ಎರಡೂ ಕಾಲುಗಳ ಅಳತೆ ತೆಗೆದು, ಒಸಡಿನಲ್ಲಿ ರಕ್ತ ಕಂಡಿತೇ, ಮೂತ್ರದ ಬಣ್ಣ ಹೇಗಿದೆ ಎಂದು ವಿಚಾರಿಸಿ, ಹಳೆಯ ಶಾಲಾ ಪುಸ್ತಕದಲ್ಲಿ ತಾರೀಕು ಹಾಕಿ ಬರೆಯುತ್ತಾಳೆ. ಈ ಲೇಖನದ ಪ್ರತಿಯನ್ನು ನಾನು ಆ ಹಿರಿಯರಿಗೆ ಕೊಟ್ಟು ಬಂದೆ. ಅವರು ಓದಿದರೋ ಇಲ್ಲವೋ ಕೇಳಲಿಲ್ಲ. ಕಾಲೇಜಿನ ಶುಲ್ಕ ಕಟ್ಟಲು ಒಂದು ವಾರ ಉಳಿದಿತ್ತು. ನಾನು ಹೊರಡುವಾಗ ಅವರು ಕನ್ನಡಕ ಏರಿಸಿಕೊಂಡು ಮೊಮ್ಮಗಳ ಆ ಪುಸ್ತಕದ ಪುಟಗಳನ್ನು ಒಂದೊಂದಾಗಿ ತಿರುವುತ್ತಿದ್ದರು.